ಒಳಗಿನಿಂದ ಬಿಡಿಸಿದ ಬಾಗಿಲು

ಫೆಬ್ರವರಿ 11

ಅಕ್ಕ,

ಇನ್ನು ಸ್ವಲ್ಪ ದಿನ ನನಗೆ ಫೋನ್ ಮಾಡಬೇಡ. ಕೋಪದಿಂದ ಹೇಳುತ್ತಿಲ್ಲ. ಫೋನನ್ನು ಬಂದ್ ಮಾಡಿ ಅಡುಗೆಮನೆಯಲ್ಲಿ ಒಂದು ಖಾಲಿ ಡಬ್ಬದೊಳಗೆ ಹಾಕಿಟ್ಟಿದ್ದೇನೆ. ಏನಾದರೂ ಹೇಳುವುದಿದ್ದರೆ ಹೀಗೇ ಕಾಗದ ಬರೆ. ನಾಲ್ಕೈದು ದಿನಕ್ಕೆ ಬಂದು ಮುಟ್ಟುತ್ತದೆ.

ಕೆಲಸಕ್ಕೆ ರಜೆ ಹಾಕಿದ್ದೇನೆ. ತುರ್ತು ಕರೆ ಕೇಂದ್ರದಲ್ಲಿ ಹದಿನೈದು ವರ್ಷ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಕ್ಕೆ ಕಿವಿ ದಣಿದಿದೆಯಂತೆ, ವಿಶ್ರಾಂತಿ ಬೇಕಂತೆ. ಮಂಗಳವಾರ, ಶುಕ್ರವಾರ ಕಚೇರಿಯವರೇ ನನ್ನನ್ನು ಒಂದು ಕಡೆ ಕಳಿಸುತ್ತಿದ್ದಾರೆ. ಅಲ್ಲಿ ಚಿತ್ರ ಬಿಡಿಸಬೇಕು. ನಗಬೇಡ. ಮೂವತ್ತೆಂಟನೇ ವಯಸ್ಸಿಗೆ ಏಪ್ರನ್ ಕಟ್ಟಿಕೊಂಡು ಬಣ್ಣದ ಕಡ್ಡಿ ಹಿಡಿದು ಕೂರುತ್ತಿದ್ದೇನೆ.

ಊಟ, ನಿದ್ದೆ ಸರಿಯಾಗಿದೆ. ಭಾವನವರನ್ನು ಕೇಳಿದೆ ಅಂತ ಹೇಳು.

ನಿನ್ನ ತಂಗಿ


ಫೆಬ್ರವರಿ 19

ಮರೀ,

ಕಾಗದ ಬಂತು. ಈ ಕಾಲದಲ್ಲಿ ಯಾರೇ ತಾಯಿ ಕಾಗದ ಬರೆಯುತ್ತಾರೆ? ಒಡೆಯಲು ಧೈರ್ಯ ಸಾಲದೆ ನಿನ್ನ ಭಾವನ ಕೈಗೆ ಕೊಟ್ಟು "ನೀವೇ ಓದಿ" ಅಂದೆ. ಅವರು ಕನ್ನಡಕ ಹುಡುಕುವಷ್ಟರಲ್ಲಿ ತಡೆಯಲಾಗದೆ ನಾನೇ ಕಿತ್ತುಕೊಂಡು ಓದಿದೆ.

ಕಿವಿ ಅಂತ ಬರೆದಿದ್ದೀಯ. ನಂಬಿದ್ದೇನೆ ಅಂದುಕೋ. ಹೋದ ಸಲ ಬಂದಾಗ ಯಾರೋ ಒಬ್ಬ ಗ್ರಂಥಪಾಲಕನ ವಿಷಯ ಎರಡು ಸಲ ನಿನ್ನ ಬಾಯಿಗೆ ಬಂತು, ನಾನು ಕೇಳಿಸದವಳ ಹಾಗೆ ಇದ್ದೆ. ಅವನೇನಾದರೂ ಮಾತು ಬಿಟ್ಟನಾ? ಅಂಥದ್ದೇನಾದರೂ ಇದ್ದರೆ ಕಿವಿಯ ಮೇಲೆ ಯಾಕೆ ಹಾಕುತ್ತೀಯ, ಪಾಪ.

ನನ್ನದು ಎಂದಿನ ಹಲ್ಲಿನ ಸಂಸಾರ. ಈ ವಾರ ಹನ್ನೊಂದು ಸೆಟ್ ಕೃತಕ ಹಲ್ಲು ಮಾಡಬೇಕಿತ್ತು. ಒಬ್ಬ ನಿವೃತ್ತ ಮೇಷ್ಟರು ಲ್ಯಾಬಿಗೇ ಬಂದು, ಹಳೆಯ ಹಲ್ಲಿನ ಹಾಗೇ ಮುಂದೆ ಒಂದು ಸಂದು ಬಿಟ್ಟು ಮಾಡಿ, ಇಲ್ಲದಿದ್ದರೆ ಸೀಟಿ ಹೊಡೆಯಲು ಆಗುವುದಿಲ್ಲ ಅಂದರು. ಮಾಡಿಕೊಟ್ಟೆ. ಅಲ್ಲೇ ನಿಂತು ಒಂದು ಹಾಡು ಪೂರ್ತಿ ಸೀಟಿಯಲ್ಲಿ ನುಡಿಸಿ ಹೋದರು.

ಚಿತ್ರ ಬಿಡಿಸುವುದೇನೋ ಸರಿ. ಆದರೆ ಒಂದನೇ ಕ್ಲಾಸಿನಲ್ಲಿ ನೀನು ಬರೆದ ಆನೆಗೆ ಐದು ಕಾಲಿದ್ದವು. ಕೇಳಿದರೆ ಒಂದು ಸೊಂಡಿಲು ಅಂತ ವಾದ ಮಾಡಿದ್ದೆ. ಈಗಲಾದರೂ ಲೆಕ್ಕ ಸರಿಯಾಗಿ ಹಾಕು.

ಅಕ್ಕ


ಮಾರ್ಚ್ 3

ಅಕ್ಕ,

ಗ್ರಂಥಪಾಲಕನನ್ನು ಬಿಡು. ಅವನಿಂದ ತಂದಿದ್ದು ಎರಡು ಪುಸ್ತಕ. ಎರಡನ್ನೂ ವಾಪಸು ಮಾಡಿದ್ದೇನೆ.

ಚಿತ್ರದ ಕೋಣೆ ಇರುವುದು ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ವಿಭಾಗದ ಮೇಲಿನ ಮಹಡಿ. ಕೆಳಗೆ ಯಂತ್ರಗಳು ತಿರುಗುವುದರಿಂದ ನೆಲ ಸಣ್ಣಗೆ ನಡುಗುತ್ತಿರುತ್ತದೆ. ಉದ್ದನೆಯ ಮೇಜು, ಎರಡು ಸಿಂಕು, ಗೋಡೆಗೆ ಒರಗಿಸಿದ ಹಲಗೆಗಳು. ನಡೆಸುವವರು ಐವತ್ತು ದಾಟಿದ ಒಬ್ಬ ಹೆಂಗಸು. ಎಲ್ಲರೂ ಚಿತ್ರದ ಮೇಡಂ ಅನ್ನುತ್ತಾರೆ. ಮನಸ್ಸಿನ ಚಿಕಿತ್ಸೆ ಕಲಿತವರು. ಆದರೆ ಮನಸ್ಸು ಅನ್ನುವ ಪದ ಅವರ ಬಾಯಲ್ಲಿ ಇದುವರೆಗೆ ಬಂದಿಲ್ಲ. ಚೆನ್ನಾಗಿದೆ ಅಂತಲೂ ಅನ್ನುವುದಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನುವುದಿಲ್ಲ. ನನ್ನ ಜೊತೆ ಇನ್ನೊಬ್ಬನಿದ್ದಾನೆ, ಬೆಂಕಿ ಆರಿಸುವ ದಳದವನು. ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕು, ಅಷ್ಟು ಎತ್ತರ.

ಮೊದಲ ದಿನ ಮೇಡಂ ನಮ್ಮಿಬ್ಬರಿಗೂ ದೊಡ್ಡ ಹಾಳೆ ಕೊಟ್ಟು "ಬಿಡಿಸಿ" ಅಂದರು.

ಅವನು ಕೇಳಿದ: "ಏನನ್ನ ಬಿಡಿಸೋದು ಮೇಡಂ? ನಮ್ಮ ಕೆಲಸದಲ್ಲಿ ಬಿಡಿಸೋದು ಅಂದ್ರೆ ಯಾರಾದ್ರೂ ಸಿಕ್ಕಿಹಾಕ್ಕೊಂಡಿರ್ಬೇಕು."

"ಸಿಕ್ಕಿಹಾಕ್ಕೊಂಡಿದ್ರೆ ಅವ್ರನ್ನೇ ಬಿಡಿಸಿ" ಅಂದರು ಮೇಡಂ.

ಅವನು ಒಂದೂವರೆ ಗಂಟೆ ಬರೀ ಏಣಿ ಬರೆದ. ನಾನು ಒಂದು ಚೌಕ ಬರೆದು ಸುಮ್ಮನೆ ಕೂತೆ.

ಈಗ ನಿಜ ಹೇಳುತ್ತೇನೆ. ಕಿವಿಗೆ ಏನೂ ಆಗಿಲ್ಲ. ಜನವರಿ 17, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಒಂದು ಕರೆ ಬಂತು. ಏಳು ವರ್ಷದ ಹುಡುಗಿ. ಅಮ್ಮ ನೆಲದ ಮೇಲೆ ಬಿದ್ದಿದ್ದಾಳೆ, ಏಳುತ್ತಿಲ್ಲ ಅಂದಳು. ಬೀದಿಯ ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡೆ. ಗಾಡಿ ಕಳಿಸಿದೆ. ಅದು ಬರುವವರೆಗೆ ಕರೆ ಮಾಡಿದವರನ್ನು ಮಾತಾಡಿಸುತ್ತಲೇ ಇರಬೇಕು, ಅದು ನಮ್ಮ ನಿಯಮ. ಮಾತಾಡಿಸಿದೆ. ಆರು ನಿಮಿಷಕ್ಕೆ ಬರಬೇಕಾದ ಗಾಡಿ ಹತ್ತೊಂಬತ್ತು ನಿಮಿಷಕ್ಕೆ ಬಂತು. ಅದೇ ಹೆಸರಿನ ಇನ್ನೊಂದು ಬೀದಿ ಊರಿನ ಆಚೆ ತುದಿಯಲ್ಲಿದೆ. ಮೊದಲು ಅಲ್ಲಿಗೆ ಹೋಗಿದ್ದರು. ಬಾಗಿಲ ಸದ್ದು ಕೇಳಿತು, ದೊಡ್ಡವರ ದನಿ ಕೇಳಿತು, ಸಂಪರ್ಕ ಕಡಿಯಿತು. ಮುಂದೆ ಏನಾಯಿತು ಅಂತ ನಮಗೆ ಯಾರೂ ಹೇಳುವುದಿಲ್ಲ. ನಾನು ಮುಂದಿನ ಕರೆ ತೆಗೆದುಕೊಂಡೆ. ಯಾರದೋ ಮನೆಯ ಸ್ನಾನದ ಕೋಣೆಗೆ ಹಾವು ಬಂದಿತ್ತು. ಅದನ್ನೂ ಸರಿಯಾಗಿಯೇ ಮುಗಿಸಿದೆ.

ಮಾರನೆಯ ದಿನ ಮೊದಲ ಕರೆಯ ಗಂಟೆ ಹೊಡೆದಾಗ ನನ್ನ ಕೈ ಮೇಲೇಳಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ನೋಡಿದೆ. ಆಗಲಿಲ್ಲ.

ತಪ್ಪು ನನ್ನದೋ ಗಾಡಿಯವರದೋ ಅಂತ ವಿಚಾರಣೆ ನಡೆಯುತ್ತಿದೆ. ಮುಗಿಯುವವರೆಗೆ ನನ್ನನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಅದಕ್ಕೇ ರಜೆ ಅಂತ ಬರೆದಿದ್ದೆ.

ತಂಗಿ


ಮಾರ್ಚ್ 12

ಮರೀ,

ನನಗೇ ಸುಳ್ಳು ಹೇಳಿದೆಯಲ್ಲ. ನಾನು ನಿನ್ನಿಂದ ಯಾವತ್ತಾದರೂ ಏನಾದರೂ ಮುಚ್ಚಿಟ್ಟಿದ್ದೇನಾ? ನಿನಗೆ ಎರಡು ಜಡೆ ಹಾಕಿ ಶಾಲೆಗೆ ಕಳಿಸಿದವಳು ನಾನು. ಬೇರೆಯವರಿಗೆ ಹೇಳುವ ಹಾಗೆ ಕಿವಿ, ಮೂಗು ಅಂತ ನನಗೆ ಹೇಳಬೇಡ.

ಬೀದಿಗೆ ಎರಡು ಕಡೆ ಒಂದೇ ಹೆಸರಿಟ್ಟವರು ಯಾರೋ, ನೀನು ಯಾಕೆ ಕೈ ಕಟ್ಟಿ ನಿಲ್ಲಬೇಕು? ಎರಡು ಸಲ ಕೇಳಿದ್ದೀಯ. ಇನ್ನೇನು ಮಾಡಬೇಕಿತ್ತು, ನೀನೇ ಹೊತ್ತುಕೊಂಡು ಹೋಗಬೇಕಿತ್ತಾ? ವಿಚಾರಣೆಯವರ ಮುಂದೆ ತಲೆ ಎತ್ತಿ ಮಾತಾಡು. ನಿನ್ನದು ಮೊದಲಿನಿಂದಲೂ ಒಂದು ರೋಗ. ಯಾರ ತಪ್ಪೇ ಇರಲಿ, ಮೊದಲು ನಿನ್ನ ಜೇಬಿಗೆ ಹಾಕಿಕೊಳ್ಳುತ್ತೀಯ.

ನಾನು ಬರಲಾ? ಲ್ಯಾಬಿನಲ್ಲಿ ಒಂದು ವಾರ ಕೇಳಿದರೆ ಬಿಡುತ್ತಾರೆ. ಊರಿನವರು ಒಂದು ವಾರ ಹಲ್ಲಿಲ್ಲದೆ ಗಂಜಿ ಕುಡಿಯಲಿ.

ಆ ಮಗು ಮನೆಯಲ್ಲಿ ಒಂದೇ ಇತ್ತಾ? ದೊಡ್ಡವರು ಯಾರೂ ಇರಲಿಲ್ಲವಾ? ಅಕ್ಕನೋ ಅಣ್ಣನೋ ಯಾರೂ ಇರಲಿಲ್ಲವಾ?

ನೀನು ಬರೆದದ್ದು ಏನಾದರೂ ಕಳಿಸು, ನೋಡೋಣ. ಆನೆಯಾದರೆ ಇನ್ನೂ ಒಳ್ಳೆಯದು.

ಅಕ್ಕ


ಮಾರ್ಚ್ 24

ಅಕ್ಕ,

ಬರಬೇಡ. ಬಂದರೆ ನಾನು ಚೆನ್ನಾಗಿರುವ ಹಾಗೆ ಇರಬೇಕಾಗುತ್ತದೆ.

ಹುಡುಗಿ ಒಬ್ಬಳೇ ಇದ್ದಳು. ಅಕ್ಕ, ಅಣ್ಣ ಯಾರೂ ಇಲ್ಲ.

ಇದರ ಜೊತೆ ಒಂದು ಚಿತ್ರ ಇಟ್ಟಿದ್ದೇನೆ. ನಾಲ್ಕು ಮಡಿಕೆ ಮಾಡಿದ್ದಕ್ಕೆ ಮೇಡಂ ಸ್ವಲ್ಪ ನೊಂದುಕೊಂಡರು. ಇದ್ದಿಲಿನಲ್ಲಿ ಬರೆದದ್ದು, ಬೆರಳು ತಾಗಿಸಿದರೆ ಮೆತ್ತಿಕೊಳ್ಳುತ್ತದೆ. ಇದು ಆ ಹುಡುಗಿ ಫೋನ್ ಮಾಡಿದ ಕೋಣೆ. ನಾನು ನೋಡಿಲ್ಲ, ಕೇಳಿದ್ದೇನೆ ಅಷ್ಟೇ. ಅಡುಗೆಮನೆ ಅಂತ ಅವಳು ಹೇಳಿದ್ದು ಒಂದೇ ಮಾತು. ಉಳಿದದ್ದೆಲ್ಲ ಹಾಳೆ ಖಾಲಿ ಬಿಡಲಾಗದೆ ನಾನು ತುಂಬಿಸಿದ್ದು. ಎಡಗಡೆ ಒಲೆಕಟ್ಟೆ, ಮೇಲೆ ಎರಡು ಹಲಗೆ, ಒಡೆದ ಗಾಜಿಗೆ ಕಾಗದ ಅಂಟಿಸಿದ ಕಿಟಕಿ, ಗಿಡ್ಡ ಕಾಲಿಗೆ ಇಟ್ಟಿಗೆ ಚೂರು ಕೊಟ್ಟ ಮೇಜು. ಈ ತಿಂಗಳಲ್ಲಿ ಏಳು ಸಲ ಬರೆದಿದ್ದೇನೆ. ಏಳು ಸಲವೂ ಇವೆಲ್ಲ ಇದ್ದ ಜಾಗದಲ್ಲೇ ಇವೆ. ಅಭ್ಯಾಸ ಆಗಿಹೋಗಿದೆ ಅಂತ ಕಾಣುತ್ತದೆ.

ಮೇಡಂ ಚಿತ್ರಕ್ಕೆ ಅರ್ಥ ಹೇಳುವುದಿಲ್ಲ. ಪಕ್ಕದಲ್ಲಿ ಕೂತು ಒಂದೊಂದು ಪ್ರಶ್ನೆ ಕೇಳುತ್ತಾರೆ. ಹೋದ ಮಂಗಳವಾರ ಕೇಳಿದರು: "ಈ ಬಾಗಿಲನ್ನ ಹೇಗೆ ತೆಗೀತಾರೆ?"

ನೋಡಿದರೆ ಹಿಡಿಕೆ ಇರಲಿಲ್ಲ, ಅಗುಳಿಯೂ ಇರಲಿಲ್ಲ. "ಮರೆತೆ" ಅಂದೆ.

"ಹಾಕ್ಬೇಕು ಅನ್ನಿಸಿದ್ರೆ ಹಾಕಿ."

ಕಡ್ಡಿ ತೆಗೆದುಕೊಂಡೆ. ಎಲ್ಲಿ ಹಾಕುವುದು ಅಂತ ಗೊತ್ತಾಗಲಿಲ್ಲ. ಹಳೆಯ ಆರು ಚಿತ್ರ ತೆಗೆಸಿ ನೋಡಿದೆವು. ಯಾವುದರಲ್ಲೂ ಇಲ್ಲ.

ಬೆಂಕಿಯವನು ತನ್ನ ಏಣಿಗೆ ಮೊದಲ ಸಲ ಒಂದು ಗೋಡೆ ಬರೆದ. ಇದುವರೆಗೆ ಏಣಿ ಗಾಳಿಯಲ್ಲಿ ನಿಂತಿತ್ತು.

ಚಿತ್ರ ಹೇಗಿದೆ ಬರೆ.

ತಂಗಿ


ಏಪ್ರಿಲ್ 20

ಮರೀ,

ಉತ್ತರ ತಡವಾಯಿತು. ಲ್ಯಾಬಿನಲ್ಲಿ ಅಚ್ಚು ಹಾಕುವ ಯಂತ್ರ ಕೆಟ್ಟಿತ್ತು, ನಿನ್ನ ಭಾವನಿಗೆ ನೆಗಡಿ, ಒಂದಾದ ಮೇಲೊಂದು.

ಚಿತ್ರ ಬಂತು. ಚೆನ್ನಾಗಿದೆ. ಕಿಟಕಿ ಸ್ವಲ್ಪ ಓರೆಯಾಗಿದೆ.

ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಆ ತರಗತಿಗೆ ಹೋಗುವುದು ಸಾಕು. ಒಂದೇ ಕೋಣೆಯನ್ನು ಏಳು ಸಲ ಬರೆಸುವುದು ಯಾವ ಔಷಧ? ಗಾಯವನ್ನು ದಿನಾ ಕೆರೆದರೆ ಮಾಯುತ್ತದಾ? ನಾಲ್ಕು ದಿನ ಎಲ್ಲಾದರೂ ಹೋಗಿ ಬಾ. ಈಜು ಕಲಿ. ಇಲ್ಲವೇ ಆ ಕೆಲಸವನ್ನೇ ಬಿಡು, ಇಲ್ಲಿ ಕ್ಲಿನಿಕ್ಕಿನಲ್ಲಿ ಚೀಟಿ ಬರೆದುಕೊಡುವವರು ಬೇಕಾಗಿದ್ದಾರೆ. ನಮ್ಮ ಮನೆಯಲ್ಲೇ ಇರಬಹುದು.

ಆ ಚಿತ್ರಗಳನ್ನೆಲ್ಲ ಅಲ್ಲಿ ಇಟ್ಟುಕೊಳ್ಳುತ್ತಾರಾ? ಬೇರೆ ಯಾರಾದರೂ ನೋಡುತ್ತಾರಾ?

ಅಕ್ಕ


ಏಪ್ರಿಲ್ 27

ಅಕ್ಕ,

ಚಿತ್ರಗಳು ನನ್ನ ಹೆಸರಿನ ಕಡತದಲ್ಲಿ, ಬೀಗದೊಳಗೆ ಇರುತ್ತವೆ. ಯಾರೂ ನೋಡುವುದಿಲ್ಲ. ತಂಗಿಗೆ ತಲೆ ಕೆಟ್ಟಿದೆ ಅಂತ ನಿನ್ನ ಕಡೆಯವರಿಗೆ ಗೊತ್ತಾಗುವ ಭಯವಿದ್ದರೆ ಬಿಟ್ಟುಬಿಡು, ಗೊತ್ತಾಗುವುದಿಲ್ಲ.

ನಿನಗೆ ಇದು ಮಕ್ಕಳಾಟದ ಹಾಗೆ ಕಾಣುತ್ತದೆ. ನನಗೂ ಹಾಗೇ ಕಂಡಿತ್ತು. ಆದರೆ ಅಲ್ಲಿ ಕೂತ ಒಂದೂವರೆ ಗಂಟೆಯಲ್ಲಿ ನನ್ನ ಕೈ ನಾನು ಹೇಳದೆಯೇ ಕೆಲಸ ಮಾಡುತ್ತದೆ. ಫೋನಿಗೆ ಏಳದ ಕೈ ಅದೇ. ಅದಕ್ಕೇ ಹೋಗುತ್ತೇನೆ.

ಚೀಟಿ ಬರೆಯುವ ಕೆಲಸ ಬೇಡ.

ತಂಗಿ


ಮೇ 16

ಅಕ್ಕ,

ಹೋದ ಕಾಗದಕ್ಕೆ ನೀನು ಬರೆಯಲಿಲ್ಲ. ನಾನು ಹಾಗೆ ಬರೆಯಬಾರದಿತ್ತು.

ವಿಚಾರಣೆ ಮುಗಿಯಿತು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಕರೆದರು. ಮೂವರು ಕೂತಿದ್ದರು. ಬೀದಿಯ ಹೆಸರು ಸರಿಯಾಗಿತ್ತು, ಬಡಾವಣೆಯ ಹೆಸರನ್ನೂ ನಾನು ಹಾಕಿದ್ದೆ, ಗಾಡಿಯವರ ಪರದೆಯಲ್ಲಿ ಎರಡನೆಯ ಸಾಲು ಕಾಣಿಸುತ್ತಿರಲಿಲ್ಲ. ನನ್ನ ತಪ್ಪಿಲ್ಲ ಅಂತ ಬರೆದುಕೊಟ್ಟರು. ಇನ್ನು ಪರದೆ ಸರಿಮಾಡುತ್ತಾರಂತೆ.

ಆ ಹುಡುಗಿಯ ಅಮ್ಮ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದಳು. ಆರು ನಿಮಿಷಕ್ಕೇ ಬಂದಿದ್ದರೂ ಉಳಿಯುತ್ತಿದ್ದಳಾ ಅಂತ ಖಚಿತವಾಗಿ ಹೇಳಲು ಬರುವುದಿಲ್ಲ ಅಂತ ವರದಿಯಲ್ಲಿದೆ. ಹುಡುಗಿ ಈಗ ಅಜ್ಜಿಯ ಹತ್ತಿರ ಇದ್ದಾಳೆ. ಅವಳ ಮಾತನ್ನೂ ಬರೆದುಕೊಂಡಿದ್ದಾರೆ. ಎರಡೇ ಸಾಲು. "ಫೋನಿನ ಆಂಟಿಗೆ ಹೋಗ್ಬೇಡಿ ಅಂದೆ. ಅವ್ರು ಹೋಗ್ಲಿಲ್ಲ."

ಅದನ್ನು ಓದಿ ನಾನು ಲೋಟದಲ್ಲಿದ್ದ ನೀರು ಪೂರ್ತಿ ಕುಡಿದೆ. ಅಧ್ಯಕ್ಷರು ಇನ್ನೊಂದು ಲೋಟ ತರಿಸಿದರು.

ಈಗ ನಿನ್ನನ್ನು ಕೇಳಬೇಕಾದ್ದು. ವರದಿಯಲ್ಲಿ ಆ ಮನೆಯ ಫೋಟೋ ಇತ್ತು. ಅಡುಗೆಮನೆಗೆ ನೀಲಿ ಬಣ್ಣ, ಒಲೆ ಬಲಗಡೆ, ದೊಡ್ಡ ಕಿಟಕಿ, ಬಾಗಿಲೇ ಇಲ್ಲ, ಬರೀ ಕಮಾನು. ನಾನು ಬರೆದ ಒಂದು ವಸ್ತುವೂ ಅಲ್ಲಿರಲಿಲ್ಲ. ಊಹೆ ತಪ್ಪುವುದು ಸಹಜ. ಆದರೆ ತಪ್ಪು ಊಹೆ ಹನ್ನೆರಡು ಸಲ ಒಂದೇ ಥರ ಇರುವುದು ಹೇಗೆ?

ಮೇಡಂಗೆ ಹೇಳಿದೆ. "ಹಾಗಾದ್ರೆ ಇದು ಯಾರ ಅಡುಗೆಮನೆ?" ಅಂದರು. ಗೊತ್ತಿಲ್ಲ ಅಂದೆ. ಅಕ್ಕ, ನಿನಗೆ ಗೊತ್ತಾ? ಅಮ್ಮ ಇದ್ದ ಮನೆ ನನಗೆ ಸ್ವಲ್ಪವೂ ನೆನಪಿಲ್ಲ. ಅಮ್ಮ ಹೋದ ತಿಂಗಳೇ ಅಪ್ಪ ನಮ್ಮಿಂದ ಆ ಮನೆ ಬಿಡಿಸಿಬಿಟ್ಟರಲ್ಲ.

ತಂಗಿ


ಮೇ 23

ಮರೀ,

ನಿನ್ನ ತಪ್ಪಿಲ್ಲ ಅಂತಾಯಿತಲ್ಲ, ನನಗೆ ಅಷ್ಟು ಸಾಕು. ಕಾಗದ ಓದಿ ಲ್ಯಾಬಿನವರಿಗೆಲ್ಲ ಕಾಫಿ ಕೊಡಿಸಿದೆ.

ಕೋಣೆಯ ವಿಷಯ ತಲೆಗೆ ಹಚ್ಚಿಕೊಳ್ಳಬೇಡ. ಯಾವುದೋ ಸಿನಿಮಾದಲ್ಲಿ ನೋಡಿದ್ದಿರಬಹುದು. ಅಡುಗೆಮನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ನಮ್ಮ ಹಳೆಯ ಮನೆ ನನಗೂ ಸರಿಯಾಗಿ ನೆನಪಿಲ್ಲ.

ಕೆಲಸಕ್ಕೆ ಯಾವಾಗ ಹೋಗುತ್ತೀಯ?

ಅಕ್ಕ


ಜೂನ್ 2

ಅಕ್ಕ,

ನಿನಗೆ ನಮ್ಮ ಹಳೆಯ ಮನೆ ನೆನಪಿಲ್ಲ ಅಂತ ಬರೆದಿದ್ದೀಯ. ಆಗ ನಿನಗೆ ಹದಿಮೂರು ವರ್ಷ. ನನ್ನ ಆನೆಯ ಕಾಲು ಎಷ್ಟಿತ್ತು ಅಂತ ನೆನಪಿದೆ.

ಶುಕ್ರವಾರ ಮೇಡಂ ಎಲ್ಲ ಚಿತ್ರಗಳನ್ನೂ ನೆಲದ ಮೇಲೆ ಹಾಸಿದರು. ಬೆಂಕಿಯವನೂ ಬಂದು ನಿಂತ, ಅವನ ಮುಂದೆ ನನಗೆ ಮುಜುಗರವಿಲ್ಲ. ಅವನೇ ಮೊದಲು ಹೇಳಿದ್ದು.

"ಮೇಜಿನ ಅಡಿಭಾಗ ಕಾಣ್ತಾ ಇದೆಯಲ್ಲ. ನೀವು ನೆಲದ ಮೇಲೆ ಕೂತು ನೋಡಿದ್ದಾ?"

ನಿಜ. ಹಲಗೆಗಳ ಅಡಿಭಾಗವೂ ಕಾಣುತ್ತದೆ. ಒಲೆಕಟ್ಟೆಯ ಮೇಲೆ ಏನಿದೆ ಅಂತ ಕಾಣುವುದಿಲ್ಲ. ಮೇಡಂ ಕೇಳಿದರು: "ನೋಡ್ತಾ ಇರೋರು ಎಷ್ಟು ಎತ್ತರ ಇದ್ದಾರೆ?"

ಅಳತೆಪಟ್ಟಿ ತಂದು ಅಲ್ಲಿದ್ದ ಮೇಜಿನ ಪಕ್ಕ ಹಿಡಿದು ನೋಡಿದೆವು. ಮೂರು ಅಡಿ ಇರಬಹುದು. ಕೂತಿದ್ದರೆ ಇನ್ನೂ ಕಡಿಮೆ.

ಆಮೇಲೆ ಹೊಸ ಹಾಳೆ ತೆಗೆದುಕೊಂಡು ನೆಲದ ಮೇಲೆ ಕೂತು ಬರೆದೆ. ಮೇಲಿನ ಹಲಗೆಯಲ್ಲಿ ಒಂದು ಡಬ್ಬ ಬಂತು, ಅದರ ಮೇಲೆ ಗಿಣಿಯ ಚಿತ್ರ. ಮೇಜಿನ ಹತ್ತಿರ ನೆಲದ ಮೇಲೆ ಒಂದು ದಿಂಬು ಬಂತು. ಅಡುಗೆಮನೆಯ ನೆಲದಲ್ಲಿ ದಿಂಬು ಯಾಕೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಕೆಳಗೆ ಯಂತ್ರಗಳು ನಿಂತಿದ್ದವು, ನೆಲ ನಡುಗುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಗಿಣಿಯ ಡಬ್ಬ ಇತ್ತಾ? ಇತ್ತು ಅಥವಾ ಇರಲಿಲ್ಲ, ಅಷ್ಟು ಬರೆ.

ಅಮ್ಮ ನಿದ್ದೆಯಲ್ಲಿ ಹೋದಳು, ಆಗ ನಾನು ಪಕ್ಕದ ಮನೆಯ ಅಜ್ಜಿಯ ಹತ್ತಿರ ಆಡುತ್ತಿದ್ದೆ ಅಂತ ನೀನೇ ನನಗೆ ಹೇಳಿದ್ದು. ನಾನು ಎಲ್ಲರಿಗೂ ಹಾಗೇ ಹೇಳುತ್ತಾ ಬಂದಿದ್ದೇನೆ.

ತಂಗಿ


ಜೂನ್ 13

ಮರೀ,

ಇತ್ತು. ಸಕ್ಕರೆ ಡಬ್ಬ. ನಿನ್ನ ಕೈಗೆ ಎಟುಕಬಾರದು ಅಂತ ಅಮ್ಮ ಮೇಲಿನ ಹಲಗೆಯಲ್ಲಿ ಇಡುತ್ತಿದ್ದಳು.

ಮಾರ್ಚಿನಲ್ಲಿ ನಿನ್ನ ಚಿತ್ರ ಬಿಚ್ಚಿದಾಗಲೇ ಗೊತ್ತಾಯಿತು. ಕಿಟಕಿಗೆ ಕಾಗದ ಅಂಟಿಸಿದವಳು ನಾನು. ಚಿತ್ರವನ್ನು ಮತ್ತೆ ಮಡಚಿ ಅಚ್ಚಿನ ಪೆಟ್ಟಿಗೆಯ ಕೆಳಗೆ ಇಟ್ಟೆ. ಮೂರು ವಾರ ತೆಗೆಯಲಿಲ್ಲ. ಆಮೇಲೆ ನಿನಗೆ ಆ ತರಗತಿ ಬಿಡು ಅಂತ ಬರೆದೆ. ನನ್ನ ಕಡೆಯವರ ಭಯಕ್ಕಲ್ಲ.

ಆ ದಿನ ಶಾಲೆಗೆ ರಜೆ. ಅಪ್ಪ ಕೆಲಸಕ್ಕೆ ಹೋಗಿದ್ದರು. ಅಮ್ಮನಿಗೆ ಬೆಳಿಗ್ಗೆಯಿಂದ ತಲೆನೋವು. ಊಟ ಆದ ಮೇಲೆ ಒಳಗೆ ಹೋಗಿ ಮಲಗಿದಳು. "ತಂಗೀನ ನೋಡ್ಕೋ, ಬೀದಿಗೆ ಓಡಿಬಿಡ್ತಾಳೆ" ಅಂದಳು. ನನ್ನ ಗೆಳತಿಗೆ ಹೊಸ ಸೈಕಲ್ ಕೊಡಿಸಿದ್ದರು. ಶಾಲೆಯ ಬಯಲಿನಲ್ಲಿ ಕಲಿಸುತ್ತೇನೆ ಬಾ ಅಂದಿದ್ದಳು. ನೀನು ಅಡುಗೆಮನೆಯಲ್ಲಿ ಪಾತ್ರೆ ಹರಡಿಕೊಂಡು ಆಡುತ್ತಿದ್ದೆ. ಅರ್ಧ ಗಂಟೆಯಲ್ಲಿ ಬಂದುಬಿಡೋಣ ಅಂದುಕೊಂಡೆ. ನೀನು ಓಡಿಹೋಗಬಾರದು ಅಂತ ಹೊರಗಿನಿಂದ ಚಿಲಕ ಹಾಕಿದೆ. ಆ ಮನೆಗೆ ಇದ್ದದ್ದು ಅದೊಂದೇ ಬಾಗಿಲು, ಅಡುಗೆಮನೆಯಿಂದ ಬೀದಿಗೆ. ಒಳಗಿನಿಂದ ನೀನು ಏನು ಮಾಡಿದರೂ ತೆಗೆಯಲು ಆಗುತ್ತಿರಲಿಲ್ಲ. ಹಿಡಿಕೆ ಎಲ್ಲಿ ಹಾಕಬೇಕು ಅಂತ ಗೊತ್ತಾಗಲಿಲ್ಲ ಅಂತ ಬರೆದಿದ್ದೆಯಲ್ಲ, ಆ ಸಾಲನ್ನು ಮತ್ತೆ ಓದಲು ನನ್ನಿಂದ ಆಗಿಲ್ಲ.

ವಾಪಸು ಬರಲು ಮೂರು ಗಂಟೆ ಹಿಡಿಯಿತು. ಸೈಕಲ್ ಹೊಡೆಯಲು ಬಂದುಬಿಟ್ಟಿತು, ಬಿಡಲು ಮನಸ್ಸಾಗಲಿಲ್ಲ.

ಬಾಗಿಲು ತೆಗೆದಾಗ ಅಮ್ಮ ಅಡುಗೆಮನೆಯ ನೆಲದ ಮೇಲಿದ್ದಳು. ನೀರಿಗೆ ಎದ್ದು ಬಂದಿದ್ದಳೇನೋ. ತಲೆಯ ಕೆಳಗೆ ದಿಂಬಿತ್ತು, ಮೈಮೇಲೆ ಹೊದಿಕೆ ಇತ್ತು. ನೀನು ತಂದು ಹಾಕಿದ್ದು. ಪಕ್ಕದಲ್ಲಿ ಕೂತು ಅವಳ ಜೊತೆ ಏನೋ ಮಾತಾಡುತ್ತಿದ್ದೆ. ನನ್ನನ್ನು ನೋಡಿ "ಅಕ್ಕಾ, ಅಮ್ಮ ಮಾತಾಡ್ತಾ ಇಲ್ಲ" ಅಂದೆ. ನಿನ್ನ ಅಂಗೈ ಎರಡೂ ಕೆಂಪಾಗಿದ್ದವು. ಬಾಗಿಲು ಬಡಿದಿರಬೇಕು. ಪಕ್ಕದ ಮನೆಯ ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ.

ನಿನ್ನನ್ನು ಎತ್ತಿಕೊಂಡು ಹೋಗಿ ಅಜ್ಜಿಯ ಮನೆಯಲ್ಲಿ ಕೂರಿಸಿದೆ. ಆಮೇಲೆ ಬೀದಿಗೆ ಬಂದು ಕೂಗಿದೆ. ಬಾಗಿಲು ತೆರೆದೇ ಇತ್ತು, ತಂಗಿ ಇಲ್ಲೇ ಆಡುತ್ತಿದ್ದಳು, ಅಮ್ಮ ಮಲಗಿದ್ದವಳು ಏಳಲಿಲ್ಲ ಅಂತ ಎಲ್ಲರಿಗೂ ಹೇಳಿದೆ. ಅಪ್ಪನಿಗೂ ಅದನ್ನೇ ಹೇಳಿದೆ. ನೀನು ಒಂದು ತಿಂಗಳು ಬಾಯೇ ಬಿಡಲಿಲ್ಲ. ಬಿಟ್ಟಾಗ ನಿನಗೂ ಅದನ್ನೇ ಹೇಳಿದೆ. ದಿನಾ ಜಡೆ ಹಾಕುವಾಗ ಹೇಳುತ್ತಿದ್ದೆ. ನೀನು ನಂಬಿದೆ.

ಯಾರಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಅಂತ ಡಾಕ್ಟರು ಅಪ್ಪನಿಗೆ ಹೇಳಿದರು. ನಿಜವೋ, ಅಪ್ಪನ ಸಮಾಧಾನಕ್ಕೋ, ನನಗೆ ಗೊತ್ತಿಲ್ಲ. ಅಪ್ಪ ಹೋಗುವವರೆಗೂ ನಾನು ಹೇಳಲಿಲ್ಲ. ನಿನ್ನ ಭಾವನಿಗೂ ನಿನ್ನೆಯೇ ಹೇಳಿದ್ದು.

ಆ ಸೈಕಲನ್ನು ಆಮೇಲೆ ಮುಟ್ಟಿಲ್ಲ. ಯಾವ ಸೈಕಲನ್ನೂ.

ಬರೆಯಬೇಕು ಅನ್ನಿಸಿದರೆ ಬರೆ.

ಅಕ್ಕ


ಆಗಸ್ಟ್ 5

ಅಕ್ಕ,

ಏಳು ವಾರ ಆಯಿತು. ಮಧ್ಯೆ ಮೂರು ಕಾಗದ ಬರೆದು ಹರಿದೆ. ಅವು ನಿನಗೆ ಬರದೆ ಹೋದದ್ದೇ ಒಳ್ಳೆಯದು.

ನಿನ್ನ ಕಾಗದವನ್ನು ಮೇಡಂಗೆ ಓದಿ ಹೇಳಿದೆ. ಅವರು ಹಾಳೆ ಕೊಡಲಿಲ್ಲ. ಜೇಡಿಮಣ್ಣಿನ ದೊಡ್ಡ ಉಂಡೆ ತಂದು ಹಲಗೆಯ ಮೇಲೆ ಇಟ್ಟರು. ನಾನು ಅದನ್ನು ಗುದ್ದಿದೆ. ಏನನ್ನೂ ಮಾಡಲಿಲ್ಲ, ಬರೀ ಗುದ್ದಿದೆ. ಸಾಕಾಗಲಿಲ್ಲ. ಇನ್ನೊಂದು ಉಂಡೆ ತಂದರು. ಬೆಂಕಿಯವನು ತನ್ನ ಹಲಗೆ ಎತ್ತಿಕೊಂಡು ಕಿಟಕಿಯ ಕಡೆ ಸರಿದು ಕೂತ. ಎರಡು ವಾರ ಅದೇ ಆಯಿತು.

ಕೋಪ ಚಿಲಕಕ್ಕೆ ಅಂತ ಮೊದಲು ಅಂದುಕೊಂಡಿದ್ದೆ. ಅದಕ್ಕಲ್ಲ. ಅರ್ಧ ಗಂಟೆ ಅಂತ ಹೋದವಳು ನೀನು, ಮಕ್ಕಳು ಹಾಗೇ. ಕೋಪ ಇನ್ನೊಂದಕ್ಕೆ. ಅಮ್ಮ ಹೋಗುವಾಗ ನಾನು ಪಕ್ಕದ ಮನೆಯಲ್ಲಿ ಆಡುತ್ತಿದ್ದೆ ಅಂತ ಮೂವತ್ತೆರಡು ವರ್ಷ ನನ್ನನ್ನು ನಾನೇ ಬೈದುಕೊಂಡಿದ್ದೇನೆ. ನಾನು ಅಲ್ಲೇ ಇದ್ದೆ. ದಿಂಬು ತಂದಿದ್ದೆ, ಹೊದಿಸಿದ್ದೆ. ಅದನ್ನು ನೀನು ನನಗೆ ಕೊಡಲಿಲ್ಲ. ಅದು ನನ್ನದಾಗಿತ್ತು ಅಕ್ಕ.

ಇದನ್ನು ಹೇಳಿದ ಮೇಲೆ ಬೇರೆಯದನ್ನೂ ಹೇಳಬಹುದು.

ನನಗೆ ಇನ್ನೂ ಏನೂ ನೆನಪು ಬಂದಿಲ್ಲ. ಒಂದೇ ಸಲ ಎಲ್ಲ ಕಣ್ಣ ಮುಂದೆ ಬರುತ್ತದೆ ಅಂತ ಕಾದೆ. ಬರಲಿಲ್ಲ. ಬರದೆ ಇರಬಹುದು ಅಂತ ಮೇಡಂ ಅಂದರು. ಕೈಗೆ ಗೊತ್ತಿದೆ, ನನಗೆ ಗೊತ್ತಿಲ್ಲ, ಅಷ್ಟೇ.

ಜುಲೈ 21ರಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ಮೊದಲ ದಿನ ಮೇಲ್ವಿಚಾರಕಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಗಂಟೆ ಹೊಡೆಯಿತು, ಕೈ ಎದ್ದಿತು. ಒಬ್ಬ ಗಂಡಸಿನ ಬೆರಳು ಬಾಟಲಿಯ ಬಾಯಲ್ಲಿ ಸಿಕ್ಕಿಹಾಕಿಕೊಂಡಿತ್ತು. "ಮೇಡಂ, ಯಾರ್ಗೂ ಹೇಳ್ಬೇಡಿ, ನಾನು ಮೇಷ್ಟ್ರು" ಅಂದ. ಸೋಪು ಹಚ್ಚಿಸಿ ಬಿಡಿಸಿದೆ. ಆಮೇಲಿನ ಕರೆಗಳೂ ಆದವು. ಫೋನನ್ನು ಡಬ್ಬದಿಂದ ತೆಗೆದಿದ್ದೇನೆ, ಆದರೆ ನಾವಿಬ್ಬರು ಇನ್ನೂ ಸ್ವಲ್ಪ ದಿನ ಕಾಗದದಲ್ಲೇ ಇರೋಣ.

ಮಂಗಳವಾರದ ತರಗತಿ ಬಿಟ್ಟಿಲ್ಲ. ಹೋದ ವಾರ ಮೇಡಂ ಕೇಳಿದರು: "ಈ ಬಾಗಿಲಿನ ಆಚೆ ಏನಿದೆ?" ಇಪ್ಪತ್ತು ಚಿತ್ರ ಬರೆದಿದ್ದೇನೆ, ಒಂದು ಸಲವೂ ಆಚೆ ಏನಿದೆ ಅಂತ ಯೋಚಿಸಿರಲಿಲ್ಲ. ಉದ್ದ ಹಾಳೆ ತೆಗೆದುಕೊಂಡು ಬೀದಿ ಬರೆದೆ. ಬಿಸಿಲು. ಗೋಡೆಗಳು, ಒಂದು ನಲ್ಲಿ, ನೆರಳಿನಲ್ಲಿ ಮಲಗಿದ ನಾಯಿ. ಬೀದಿಯ ಆ ತುದಿಯಲ್ಲಿ ಹದಿಮೂರು ವರ್ಷದ ಒಬ್ಬ ಹುಡುಗಿ ಮನೆಯ ಕಡೆ ಬರುತ್ತಿದ್ದಾಳೆ. ಆಗಷ್ಟೇ ಸೈಕಲ್ ಕಲಿತಿದ್ದಾಳೆ, ಮುಖದಲ್ಲಿ ಖುಷಿ ಇದೆ. ಇನ್ನೂ ಮನೆ ಮುಟ್ಟಿಲ್ಲ.

ಎಲ್ಲಕ್ಕೂ ಬಣ್ಣ ಹಾಕಿದ್ದೇನೆ. ಆ ದಿನ ನೀನು ಯಾವ ಬಣ್ಣದ ಬಟ್ಟೆ ಹಾಕಿದ್ದೆ ಅಂತ ನನಗೆ ಗೊತ್ತಿಲ್ಲ. ಊಹೆ ಮಾಡಿ ಹಾಕಲು ಮನಸ್ಸಿಲ್ಲ. ಅಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ಬರೆದು ತಿಳಿಸು.

ತಂಗಿ


ಆಗಸ್ಟ್ 11

ಮರೀ,

ಹಳದಿ. ಬಿಳಿಯ ಕಾಲರ್ ಇತ್ತು. ಬಲಗಡೆ ತೋಳಿನ ಹತ್ತಿರ ಹೊಲಿಗೆ ಬಿಚ್ಚಿತ್ತು. ಸಂಜೆ ಹಾಕಿಕೊಡ್ತೀನಿ ಅಂತ ಅಮ್ಮ ಬೆಳಿಗ್ಗೆ ಹೇಳಿದ್ದಳು.

ಅಕ್ಕ